ಪ್ರೆಸ್ಸಿನ ಮುಂದಿನ ಜಾಲರಿ

ಬಿಟಿಎಂ ಲೇಔಟ್ 2ನೇ ಹಂತ, ಬೆಂಗಳೂರು
ಆಗಸ್ಟ್ 22, 2004, ಭಾನುವಾರ

ಪ್ರೀತಿಯ ತಮ್ಮ ಮೌನೇಶಾ,

ಹೇಗಿದ್ದೀಯಪ್ಪಾ? ಅಂಜನಾ ಆರೋಗ್ಯವಾಗಿದ್ದಾಳೆಯೇ? ಯುಗಾದಿಗೆ ನೀನು ಕಳಿಸಿದ ಫೋಟೊದಲ್ಲಿ ಕೂಸಿಗೆ ಹಲ್ಲು ಬಂದಿರಲಿಲ್ಲ, ಈಗ ಬಂದಿರಬೇಕು. ಹಲ್ಲು ಮೂಡುವಾಗ ಹೊಟ್ಟೆ ಕೆಡುತ್ತದೆ, ಗಾಬರಿ ಬೀಳಬೇಡಿ, ಕುದಿಸಿ ಆರಿಸಿದ ನೀರನ್ನು ಮಾತ್ರ ತಪ್ಪಿಸಬೇಡಿ. ಪುಣೆಯಲ್ಲಿ ಈ ಸಲ ಮಳೆ ಜೋರಂತೆ, ಟಿವಿಯಲ್ಲಿ ತೋರಿಸಿದರು. ಮಳೆಗಾಲ ಬಂತೆಂದರೆ ನಿನ್ನ ಎದೆ ಸುಂಯ್‌ಗುಡುತ್ತಿದ್ದುದು ನೆನಪಾಗುತ್ತದೆ. ನಿನ್ನನ್ನು ನನ್ನ ಮಡಿಲಲ್ಲಿ ಕೂರಿಸಿ ಅವ್ವ ಬೆಚ್ಚಗಿನ ಎಣ್ಣೆ ಹಚ್ಚುತ್ತಿದ್ದಳು. ನಿನಗೆ ಕಚಗುಳಿಯಾಗಿ ನಗು, ನಕ್ಕರೆ ಕೆಮ್ಮು, ಕೆಮ್ಮಿದರೆ ಅವ್ವನ ಬೈಗುಳ. ಈಗಲೂ ಎದೆ ಕಟ್ಟಿದರೆ ಸುಮ್ಮನೆ ಕೂರಬೇಡ, ಅಂಜನಾಗೆ ಹೇಳಿ ಹಚ್ಚಿಸಿಕೋ.

ಅವ್ವನಿಗೆ ಮೊಣಕಾಲು ನೋವೊಂದು ಬಿಟ್ಟರೆ ಬೇರೆ ತೊಂದರೆಯಿಲ್ಲ. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ಕೆಳಗಿಳಿದಳೆಂದರೆ ಬೀದಿಯಲ್ಲಿ ಅವಳದೇ ರಾಜ್ಯ. ಸೊಪ್ಪಿನವಳ ಹತ್ತಿರ ನಮ್ಮ ಸುರಪುರದ ಮಾತಿನಲ್ಲಿ ಚೌಕಾಸಿ ಶುರುಮಾಡಿ, ಕೊನೆಗೆ ಅವಳದೇ ಬೆಂಗಳೂರು ಮಾತಿನಲ್ಲಿ “ಜಾಸ್ತಿ ಆಯ್ತು ಕಣಮ್ಮ” ಎಂದು ಗೆದ್ದು ಬರುತ್ತಾಳೆ. ಭಾಗ್ಯಜ್ಯೋತಿ ಈಗ ಐದನೇ ಕ್ಲಾಸು. ಅಜ್ಜಿ “ಬರ್ತೀ ಏನಬೇ” ಎಂದರೆ ಮೊಮ್ಮಗಳು “ಏನಜ್ಜಿ, ಹಂಗೆಲ್ಲ ಕರೀಬೇಡ, ಫ್ರೆಂಡ್ಸ್ ನಗ್ತಾರೆ” ಎನ್ನುತ್ತಾಳೆ. ನಾನು ಜಯನಗರದ ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲೇ ಇದ್ದೇನೆ, ಟೋಕನ್ ಕೊಡುವುದು, ಹೆಸರು ಕೂಗುವುದು. ನಮ್ಮ ಮನೆಯವರು, ನಿನ್ನ ಮಾಮ, ಹುಳಿಮಾವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸಕ್ಕೆ ಹೋಗುತ್ತಿದ್ದಾರೆ. ಬರುವವರ ಹೆಸರು, ಗಾಡಿ ನಂಬರು ಎಲ್ಲವನ್ನೂ ಎಡಗೈಯಲ್ಲೇ ಬರೆಯುತ್ತಾರೆ. ಅಕ್ಷರ ಈಗ ದುಂಡಗಾಗಿದೆ. ಮೊದಮೊದಲು ಭಾಗ್ಯಜ್ಯೋತಿಯ ಕಾಪಿ ಪುಸ್ತಕವನ್ನು ಎದುರಿಗಿಟ್ಟುಕೊಂಡು ಅವಳ ಜೊತೆಗೇ ತಿದ್ದುತ್ತಿದ್ದರು.

ನೀನು ಫೋನ್ ಮಾಡಿದಾಗಲೆಲ್ಲ ಅವ್ವನೇ ಮಾತಾಡುತ್ತಾಳೆ. ನನ್ನ ಸರದಿ ಬಂದಾಗ ನಾನು “ಊಟ ಆಯ್ತಾ” ಎನ್ನುತ್ತೇನೆ, ನೀನು “ಆಯ್ತಕ್ಕಾ” ಎನ್ನುತ್ತೀ, ಅಲ್ಲಿಗೆ ಮುಗಿಯಿತು. ನಾಲ್ಕೈದು ವರ್ಷದಿಂದ ನಮ್ಮಿಬ್ಬರ ನಡುವೆ ಇಷ್ಟೇ ಮಾತು. ಫೋನಿರುವ ಮನೆ ಮಾಲೀಕರ ಹಾಲಿನಲ್ಲಿ, ಅವರೆಲ್ಲ ಕೂತು ಕೇಳುತ್ತಿರುವಾಗ, ಇದಕ್ಕಿಂತ ಹೆಚ್ಚು ಹೇಳುವಂತೆಯೂ ಇರಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅವ್ವ ದೇವಸ್ಥಾನಕ್ಕೆ ಹೋಗಿದ್ದಾಳೆ, ಇವರು ಡ್ಯೂಟಿಗೆ ಹೋಗಿದ್ದಾರೆ.

ನೀನೂ ಮಾಮನೂ ಕೆಲಸ ಮಾಡುತ್ತಿದ್ದ ಸಾರಕ್ಕಿಯ ಶೆಡ್ಡಿನಲ್ಲಿ ಮತ್ತೊಬ್ಬರ ಕೈ ಹೋಯಿತು ಮೌನೇಶಾ. ಅದೇ ತಗಡು ಒತ್ತುವ ಪ್ರೆಸ್ಸು. ಈ ಸಲ ಒಬ್ಬ ಹೆಂಗಸು, ಲಕ್ಷ್ಮಮ್ಮ ಅಂತ, ತಲಘಟ್ಟಪುರದವಳು. ನೀನು ಬಿಟ್ಟು ಹೋದ ಮೇಲೆ ಸೇರಿದವಳಾದ್ದರಿಂದ ನಿನಗೆ ಗೊತ್ತಿರಲಿಕ್ಕಿಲ್ಲ. ಕಸ ಗುಡಿಸಲು, ಮಾಲು ಪ್ಯಾಕ್ ಮಾಡಲು ಬಂದವಳನ್ನು ಆರ್ಡರ್ ಜಾಸ್ತಿಯಾದಾಗ ಪ್ರೆಸ್ಸಿನ ಮುಂದೆ ಕೂರಿಸಿದ್ದಾರೆ. ಬಲಗೈ ಅಂಗೈಯವರೆಗೂ ಹೋಗಿದೆ.

ಆ ಸುದ್ದಿ ಕೇಳಿದ ದಿನದಿಂದ ನಮ್ಮ ಮನೆಯಲ್ಲಿ ಏನೇನಾಯಿತು ಎಂಬುದನ್ನು ನಿನಗೆ ಹೇಳಬೇಕು. ಆದರೆ ಅದಕ್ಕೆ ಮೊದಲು ನಿನ್ನ ಮಾಮನ ಕೈ ಹೋದ ದಿನಕ್ಕೇ ಹೋಗಬೇಕಾಗುತ್ತದೆ. ಅದು ನಿನಗೆ ಗೊತ್ತಿರುವುದೇ. ಆದರೆ ನನ್ನ ಕಡೆಯಿಂದ ಅದು ಹೇಗೆ ಕಂಡಿತು ಎಂದು ನೀನು ಒಂದು ದಿನವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತೊಂಬತ್ತೊಂಬತ್ತರ ಶ್ರಾವಣ. ನಾನು ಹೊರಗೆ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದೆ. ನೀನು ಓಡುತ್ತಾ ಬಂದೆ. ಅಂಗಿಯ ಮೇಲೆಲ್ಲ ರಕ್ತ. ನಿನಗೇ ಏನೋ ಆಗಿದೆ ಎಂದುಕೊಂಡು ನಾನು ನಿನ್ನ ಮೈ ಮುಟ್ಟಿ ಮುಟ್ಟಿ ನೋಡಿದೆ. ನೀನು “ನಂಗಲ್ಲಕ್ಕಾ, ಮಾಮಗ” ಎಂದವನು ಮತ್ತೆ ಬಾಯಿ ಬಿಡಲಿಲ್ಲ. ಆಟೋದಲ್ಲಿಯೂ ಇಲ್ಲ, ಆಸ್ಪತ್ರೆಯಲ್ಲಿಯೂ ಇಲ್ಲ. ಬಲಗೈಯ ನಾಲ್ಕು ಬೆರಳು ಉಳಿಯುವುದಿಲ್ಲ, ಹೆಬ್ಬೆರಳೊಂದೇ ಎಂದು ಡಾಕ್ಟರು ಹೇಳಿದಾಗ ನೀನು ಗೋಡೆಗೆ ಮುಖ ಮಾಡಿ ಕುಸಿದು ಕೂತು ಅತ್ತೆ. ಅಲ್ಲಿದ್ದ ನರ್ಸು ನನ್ನ ಬದಲು ನಿನಗೆ ನೀರು ತಂದುಕೊಟ್ಟಳು. ಊರಿನಿಂದ ಕರೆತಂದು, ನಿನ್ನ ಐಟಿಐ ಸರ್ಟಿಫಿಕೇಟನ್ನು ತಾವೇ ಮಾಲೀಕರಿಗೆ ತೋರಿಸಿ ಫಿಟ್ಟರ್ ಕೆಲಸ ಕೊಡಿಸಿದ ಮಾಮನ ಮೇಲೆ ನಿನಗೆ ಎಷ್ಟು ಪ್ರೀತಿ ಎಂದುಕೊಂಡೆ. ಪ್ರೀತಿ ಇದ್ದದ್ದು ನಿಜವೇ. ಅದರ ಜೊತೆ ಇನ್ನೊಂದು ಸಂಕಟವಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಮಾಲೀಕ ರಾಮಪ್ರಸಾದರು ಮರುದಿನವೇ ಹಣ್ಣು, ಹಾರ್ಲಿಕ್ಸು ಹಿಡಿದು ಬಂದರು. “ಸಂಗಮೇಶ ನಮ್ಮನೆ ಹುಡ್ಗ ಇದ್ದಂಗೆ ಕಣಮ್ಮ. ಆಸ್ಪತ್ರೆ ಖರ್ಚು ನಂದು. ನೀವೇನೂ ತಲೆ ಕೆಡಿಸ್ಕೋಬೇಡಿ” ಎಂದರು. ಆಸ್ಪತ್ರೆ ಬಿಲ್ಲನ್ನು ಕಟ್ಟಿದರು ಕೂಡ, ಸುಳ್ಳು ಹೇಳಬಾರದು. ನಾನು ಕೈಮುಗಿದೆ. ಅದೇ ವಾರ ನಿನ್ನನ್ನು ಕರೆದು ಪುಣೆಯಲ್ಲಿ ತಮ್ಮ ಭಾಮೈದನ ಫ್ಯಾಕ್ಟರಿಯಿದೆ, ಸಂಬಳವೂ ಚೆನ್ನಾಗಿದೆ, ತಕ್ಷಣ ಹೊರಡು ಎಂದರಲ್ಲ, ಅದೂ ನನಗೆ ದೊಡ್ಡ ಉಪಕಾರವಾಗಿಯೇ ಕಂಡಿತು. ಮನೆಯಲ್ಲಿ ಒಬ್ಬರಾದರೂ ದುಡಿಯಬೇಕಲ್ಲ. ನಾನೇ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಕಟ್ಟಿಕೊಟ್ಟೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವಾಗ ನೀನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅದುವರೆಗೆ ಎಂದೂ ಮಾಡಿದವನಲ್ಲ. ದೂರ ಹೋಗುತ್ತಿದ್ದಾನೆ, ಅದಕ್ಕೆ ಎಂದುಕೊಂಡೆ.

ನಿನ್ನ ಮಾಮ ಮನೆಗೆ ಬಂದು ಗಾಯ ಒಣಗಿದ ಮೇಲೆ ಶೆಡ್ಡಿಗೆ ಹೋದರು. “ಇನ್ಮೇಲೆ ನಿನ್ ಕೈಲಿ ಪ್ರೆಸ್ ಆಗಲ್ಲವಲ್ಲಪ್ಪ. ಏನಾದ್ರೂ ಇದ್ರೆ ಹೇಳಿ ಕಳಿಸ್ತೀನಿ” ಎಂದರಂತೆ ಮಾಲೀಕರು. ಹೇಳಿ ಕಳಿಸಲೇ ಇಲ್ಲ. ಹತ್ತು ಜನಕ್ಕಿಂತ ಕಡಿಮೆ ಇದ್ದೇವೆ ಎಂದು ಆ ಶೆಡ್ಡಿನಲ್ಲಿ ಇಎಸ್‌ಐ ವಿಮೆ ಕೂಡ ಇರಲಿಲ್ಲ. ಆಗ ನಾನು ಹೊಸದಾಗಿ ಸೇರಿದ್ದ ಕ್ಲಿನಿಕ್ಕಿಗೆ ಕಣ್ಣು ತೋರಿಸಲು ಬಂದಿದ್ದ ಒಬ್ಬ ಹಿರಿಯರು, ನನ್ನ ಮುಖ ನೋಡಿ ವಿಚಾರಿಸಿ, ಕೆಲಸದಲ್ಲಿ ಪೆಟ್ಟಾದವರು ಪರಿಹಾರ ಕೇಳಬಹುದು, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಅರ್ಜಿ ಕೊಡಿ ಎಂದು ಹೇಳಿದರು. ಇವರಿಗೆ ಮನಸ್ಸಿರಲಿಲ್ಲ. ಎಳೆದುಕೊಂಡು ಹೋದವಳು ನಾನು. ಭಾಗ್ಯಜ್ಯೋತಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ಎಷ್ಟು ಸಲ ಅಲ್ಲಿಗೆ ಅಲೆದೆವೋ ಲೆಕ್ಕವಿಲ್ಲ. ಒಂದು ಸಲ ಅಧಿಕಾರಿ ಇಲ್ಲ, ಒಂದು ಸಲ ಮಾಲೀಕರ ಲಾಯರು ಇಲ್ಲ, ಇನ್ನೊಂದು ಸಲ ಇಬ್ಬರೂ ಇದ್ದಾರೆ, ಕರೆಂಟು ಇಲ್ಲ.

ಕೊನೆಗೆ ಮಾಲೀಕರ ಕಡೆಯಿಂದ ಉತ್ತರ ಬಂತು. ಪ್ರೆಸ್ಸಿನ ಮುಂದೆ, ಒಳಗೆ ಕೈ ಹೋಗದಂತೆ ಕಬ್ಬಿಣದ ಜಾಲರಿ ಇತ್ತು, ಕೆಲಸ ಬೇಗ ಮುಗಿಸುವ ಆಸೆಗೆ ಸಂಗಮೇಶನೇ ಅದನ್ನು ಬೇಕೆಂತಲೇ ಬಿಚ್ಚಿಹಾಕಿದ, ಆದ್ದರಿಂದ ನಾವು ಹೊಣೆಯಲ್ಲ ಎಂದು. ಶೆಡ್ಡಿನ ಸೂಪರ್‌ವೈಸರು ಬಂದು ನಿಂತು ಅದನ್ನೇ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗೆ ಯಾರಾದರೂ ತಮ್ಮ ಕೈಯನ್ನು ತಾವೇ ಕತ್ತರಿಸಿಕೊಳ್ಳುತ್ತಾರೆಯೇ? ಆಮೇಲೆ ಅಧಿಕಾರಿ ಇವರ ಕಡೆ ತಿರುಗಿ, “ಜಾಲರಿ ಬಿಚ್ಚಿದ್ದು ನೀವಾ?” ಎಂದರು. “ಅಲ್ರೀ ಸಾಹೇಬ್ರ” ಎಂದರು ಇವರು. “ಮತ್ತೆ ಯಾರು?” ಇವರು ನೆಲ ನೋಡಿದರು. “ಗೊತ್ತಿಲ್ರಿ.” ಆ ಅಧಿಕಾರಿ ಕೆಟ್ಟವರಲ್ಲ ಮೌನೇಶಾ. ಪೆನ್ನು ಕೆಳಗಿಟ್ಟು, “ನೋಡ್ರೀ, ದಿನಾ ನೀವೇ ಓಡಿಸೋ ಮಷೀನು. ಅದರ ಮುಂದೆ ಇದ್ದ ಜಾಲರಿ ಯಾರು ತೆಗೆದ್ರು ಅಂತ ನಿಮಗೆ ಗೊತ್ತಿಲ್ಲ ಅಂದ್ರೆ ನಾನು ಏನಂತ ಬರ್ಕೊಳ್ಳಿ? ನಿಧಾನವಾಗಿ ಯೋಚನೆ ಮಾಡಿ ಹೇಳಿ” ಎಂದರು. ಇವರು ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಮತ್ತೆ ಅದನ್ನೇ ಹೇಳಿದರು. ಗೊತ್ತಿಲ್ರಿ.

ನಮ್ಮ ಅರ್ಜಿ ಬಿದ್ದುಹೋಯಿತು. ಭವನದ ಮೆಟ್ಟಿಲ ಮೇಲೆ, ಅಷ್ಟು ಜನರ ನಡುವೆ, ನಾನು ಇವರನ್ನು ಬಾಯಿಗೆ ಬಂದಂತೆ ಬೈದೆ. ಹೆದರುಪುಕ್ಕ ಎಂದೆ. ಮಾಲೀಕನ ಹಾರ್ಲಿಕ್ಸಿಗೆ ಮಾರಿಕೊಂಡಿರಿ ಎಂದೆ. ಇವರು ಮಗಳನ್ನು ನನ್ನ ಸೊಂಟದಿಂದ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.

ವಿಚಾರಣೆಗೆ ಮೊದಲು ನಾನು ನಿನಗೆ ಕಾಗದ ಬರೆದಿದ್ದೆ, ನೀನೂ ಅಲ್ಲೇ ಕೆಲಸ ಮಾಡಿದವನು, ಬಂದು ಸಾಕ್ಷಿ ಹೇಳು ಎಂದು. ನೀನು ರಜೆ ಸಿಗುವುದಿಲ್ಲ ಎಂದು ಎರಡೇ ಸಾಲು ಬರೆದೆ. ಅಂದಿನಿಂದಲೇ ನಮ್ಮ ಮಾತು “ಊಟ ಆಯ್ತಾ” ಎನ್ನುವಲ್ಲಿಗೆ ಬಂದು ನಿಂತದ್ದು. ನಿನ್ನ ಮದುವೆಗೆ ಅವ್ವನ ಜೊತೆ ಬಂದೆನಾದರೂ ಅಂಜನಾಳ ಕೈಹಿಡಿದು ನಾಲ್ಕು ಮಾತಾಡಲಿಲ್ಲ, ಅದು ನನ್ನ ತಪ್ಪು. ಆ ಹುಡುಗಿ ಏನು ತಪ್ಪು ಮಾಡಿದ್ದಳು? ಇವರು ಬರಲಿಲ್ಲ. ಜ್ವರ ಎಂದು ಹೇಳಿದೆವು. ಜ್ವರವಲ್ಲ. ಇವರು ಯಾರ ಮದುವೆಗೂ ಹೋಗುವುದಿಲ್ಲ. ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗ ಬಲಗೈ ತೆಗೆಯಬೇಕಾಗುತ್ತದಲ್ಲ. ಮನೆಯಲ್ಲಿಯಾದರೆ ಭಾಗ್ಯಜ್ಯೋತಿ ಅನ್ನ ಕಲಸಿಕೊಡುತ್ತಾಳೆ, ಇವರು ಚಮಚದಲ್ಲಿ ತಿನ್ನುತ್ತಾರೆ. ಮೊದಲು ನಾನು ಕಲಸುತ್ತಿದ್ದೆ. ಅವಳು ಸ್ವಲ್ಪ ದೊಡ್ಡವಳಾದ ಮೇಲೆ ಅದು ತನ್ನ ಕೆಲಸ ಎಂದು ಕಿತ್ತುಕೊಂಡಳು.

ಈಗ ಲಕ್ಷ್ಮಮ್ಮನ ವಿಷಯ. ಆಷಾಢದಲ್ಲಿ ಶೆಡ್ಡಿನ ಹಳೆಯ ಹುಡುಗರಲ್ಲೊಬ್ಬ ಸಿಕ್ಕಿ ಇವರಿಗೆ ಹೇಳಿದನಂತೆ. ಅವತ್ತು ಮನೆಗೆ ಬಂದವರು ಕಾಫಿ ಕೂಡ ಕುಡಿಯಲಿಲ್ಲ. “ಅದೇ ಪ್ರೆಸ್ಸಂತ ಮಧು” ಎಂದಷ್ಟೇ ಹೇಳಿದರು. ಮುಂದಿನ ಭಾನುವಾರ ರಜೆ ಹಾಕಿ, ತಲಘಟ್ಟಪುರಕ್ಕೆ ಹೋಗೋಣ ನಡಿ ಎಂದರು. ಬಾಳೆಹಣ್ಣು ಕೊಂಡು ಬಸ್ಸು ಹತ್ತಿದೆವು.

ಅವಳಿಗೆ ಗಂಡ ಇಲ್ಲ, ಮಕ್ಕಳೂ ಇಲ್ಲ, ತಂಗಿಯ ಮನೆಯಲ್ಲಿದ್ದಾಳೆ. ಅವ್ವನಿಗಿಂತ ಸ್ವಲ್ಪ ಚಿಕ್ಕವಳು. ನಾವು ಹೋದಾಗ ಜಗುಲಿಯ ಮೇಲೆ ಕೂತು ಎಡಗೈಯಲ್ಲಿ ಕಡಲೆಕಾಯಿ ಬಿಡಿಸಲು ನೋಡುತ್ತಿದ್ದಳು. ಕಾಯಿಯನ್ನು ಮಂಡಿಗೆ ಒತ್ತಿ ಹಿಡಿದು ಉಗುರಿನಿಂದ ಸೀಳುವುದು, ಅದು ಜಾರಿ ಬೀಳುವುದು. ಇವರು ಹೋಗಿ ಅವಳ ಪಕ್ಕ ಕೂತು, ತಮ್ಮ ಬಲಗೈ ಹೆಬ್ಬೆರಳಿಗೂ ಅಂಗೈಗೂ ನಡುವೆ ಕಾಯಿ ಸಿಕ್ಕಿಸಿ ಎಡಗೈಯಲ್ಲಿ ಬಿಡಿಸಿ ತೋರಿಸಿದರು. ಅವಳು ಆ ಕೈಯನ್ನೇ ನೋಡುತ್ತಾ, “ನಿಮ್ದೂ ಅಲ್ಲೇನಾ ಅಣ್ಣ?” ಎಂದಳು. ಇವರು ತಲೆಯಾಡಿಸಿದರು. ಅವಳಿಗೆ ಹೆಬ್ಬೆರಳೂ ಉಳಿದಿಲ್ಲ ಎಂಬುದು ಇವರಿಗೆ ಆಮೇಲೆ ಕಂಡಿತು. ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿಬಿಟ್ಟರು.

ಮಾಲೀಕರು ಏನೆಂದರು ಎಂದು ಕೇಳಿದೆ. “ಏನವ್ವಾ ಹೇಳೋದು. ನೀನೇ ಜಾಲ್ರಿ ತೆಗ್ದಿದ್ದೀಯ, ನಮ್ದೇನೂ ಇಲ್ಲ ಅಂತಾರೆ. ನಂಗೆ ಒಂದೇ ಒಂದು ತಿಳೀಬೇಕು ಕಣವ್ವ. ಅದ್ಕೆ ಜಾಲ್ರಿ ಅಂತ ಒಂದು ಇತ್ತಾ? ನಾನು ಸೇರ್ದಾಗಿಂದ ಆ ಮಿಷನ್ನು ಹಂಗೇ ಬಾಯ್ ಬಿಟ್ಕೊಂಡೇ ಇತ್ತು. ತಗಡು ಇಡು, ಕಾಲಲ್ಲಿ ಒತ್ತು ಅಂದ್ರು. ಇಟ್ಟೆ, ಒತ್ತಿದೆ. ಹಿಂಗೊಂದು ಬಾಗ್ಲು ಇರ್ಬೇಕು ಅಂತ ಯಾರೂ ಹೇಳ್ಲಿಲ್ವಲ್ಲ” ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. ನಿನ್ನ ಮಾಮ ಎದ್ದು ಅಂಗಳ ದಾಟಿ ರಸ್ತೆಗೆ ಹೋಗಿ ನಿಂತರು.

ಬಸ್ ಸ್ಟಾಪಿನಲ್ಲಿ ಇವರು ನನಗೆ ಹೇಳಿದರು. ಕನಕಪುರ ರಸ್ತೆಯ ಧೂಳು, ಕಲ್ಲಿನ ಲಾರಿಗಳ ಗದ್ದಲ. ಎರಡು ಬಸ್ಸು ಬಂದು ಹೋದವು, ನಾವು ಹತ್ತಲಿಲ್ಲ. “ಮಧು, ಆ ಜಾಲರಿ ಬಿಚ್ಚಿದಂವ ನಮ್ಮ ಮೌನೇಶ. ಮಾಲಕರು ನಿಂತು ಬಿಚ್ಚಿಸಿದ್ರು. ಜಾಲರಿ ಇದ್ರ ಸ್ಪೀಡ್ ಬರಂಗಿಲ್ಲ, ಆರ್ಡರ್ ಕೊಡೋದದ, ಬಿಚ್ಚು ಅಂದ್ರು. ಅಂವ ಸ್ಪ್ಯಾನರ್ ಹಿಡಕೊಂಡು ನನ್ನ ಮಾರಿ ನೋಡಿದ. ಬ್ಯಾಡ ಅಂತಾರೇನೋ ಮಾಮ ಅಂತ ಕಾಯ್ದ. ನಾನೇ, ಬಿಚ್ಚಪಾ, ಎರಡು ದಿನದ ಮಾತು ಅಂದೆ.” “ಮತ್ತೆ ಅಧಿಕಾರಿ ಮುಂದೆ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ. “ಹೆಂಗ ಹೇಳ್ಲಿ? ಅಂವನ ಹೆಸರು ಹೇಳಿದ್ರ ಅಂವನ ಕೊರಳಿಗೆ ಬರ್ತಿತ್ತು. ನಾ ಕರ್ಕೊಂಡು ಬಂದ ಹುಡುಗ. ಇನ್ನೂ ಬಾಳೇ ಶುರು ಆಗಿದ್ದಿಲ್ಲ. ನಂದಂತೂ ಹೋಗಿತ್ತು, ಅಂವಂದಾದ್ರೂ ಉಳೀಲಿ ಅಂದ್ಕೊಂಡೆ.” ರಸ್ತೆಯ ಕಡೆ ನೋಡುತ್ತಾ ಮತ್ತೆ ಹೇಳಿದರು. “ಆವತ್ತು ನಾ ಬಾಯಿ ಬಿಟ್ಟಿದ್ರ ಆ ಜಾಲರಿ ತಿರುಗಿ ಕೂಡಿಸ್ತಿದ್ರು ಮಧು. ಈ ಹೆಣ್ಮಗಳ ಕೈ ಉಳೀತಿತ್ತು.”

ಅವರು ಅಳಲಿಲ್ಲ. ನಾನೂ ಅಳಲಿಲ್ಲ. ಮೆಟ್ಟಿಲ ಮೇಲೆ ನಾನು ಆಡಿದ ಮಾತುಗಳನ್ನು ಇಷ್ಟು ವರ್ಷ ಅವರು ಹೇಗೆ ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜೊತೆ ಬಾಳಿದರೋ ಎಂದು ಯೋಚಿಸುತ್ತಾ ನಿಂತೆ. ನಿನ್ನನ್ನು ಪುಣೆಗೆ ಕಳಿಸಿದ್ದು ಉಪಕಾರವಲ್ಲ ಎಂಬುದೂ ಅಲ್ಲೇ ಹೊಳೆಯಿತು. ಹೊಟ್ಟೆಗೆ ಹಿಟ್ಟು ಕೊಟ್ಟು ಬಾಯಿಗೆ ಬೀಗ ಹಾಕಿದರು. ನೀನು ನನ್ನ ಕಾಲು ಮುಟ್ಟಿದ್ದರ ಅರ್ಥವೂ ತಿಳಿಯಿತು.

ಆಮೇಲೆ ಬನಶಂಕರಿ ಎರಡನೇ ಹಂತದಲ್ಲಿರುವ ಸರ್ವಮಂಗಳಾ ಮೇಡಂ ಎಂಬ ವಕೀಲರ ಹತ್ತಿರ ಲಕ್ಷ್ಮಮ್ಮನನ್ನು ಕರೆದುಕೊಂಡು ಹೋದೆವು. ಕೆಲಸದಲ್ಲಿ ಕೈಕಾಲು ಕಳೆದುಕೊಂಡವರ ಕೇಸುಗಳನ್ನೇ ಅವರು ಹೆಚ್ಚಾಗಿ ನಡೆಸುತ್ತಾರೆ. ನಮಗೆ ಆಗ ಇಂಥವರು ಸಿಕ್ಕಿದ್ದರೆ! ಲಕ್ಷ್ಮಮ್ಮ ಹೋದ ತಕ್ಷಣ “ಏನೋ ಒಂದಿಷ್ಟು ಧರ್ಮ ಮಾಡ್ಸಿ ತಾಯಿ” ಎಂದಳು. ಮೇಡಂ ಅವಳನ್ನು ಅಲ್ಲಿಗೇ ತಡೆದರು. “ಧರ್ಮ ಅಲ್ಲಮ್ಮ, ಇದು ನಿಮ್ಮ ಹಕ್ಕು. ಕೆಲಸ ಮಾಡ್ತಾ ಇರೋವಾಗ ಪೆಟ್ಟಾಯ್ತು ಅಂದ್ರೆ ಮಾಲೀಕರು ಪರಿಹಾರ ಕೊಡಲೇಬೇಕು. ನೀವು ಎಚ್ಚರ ತಪ್ಪಿದ್ರಿ ಅಂತ ಹೇಳಿ ಕೂಡ ಅವರು ಜಾರಿಕೊಳ್ಳೋ ಹಂಗಿಲ್ಲ. ಆದ್ರೆ ಒಂದು ಸಂದಿ ಇದೆ. ರಕ್ಷಣೆಗೆ ಅಂತ ಇಟ್ಟಿದ್ದನ್ನ ಕೆಲಸದವರೇ ಬೇಕೂಂತ ಕಿತ್ತುಹಾಕಿದ್ರು ಅಂತ ತೋರಿಸಿಬಿಟ್ರೆ ಮಾಲೀಕರು ತಪ್ಪಿಸ್ಕೋತಾರೆ. ಇವರು ಆ ಸಂದೀಲೇ ನುಗ್ತಿರೋದು.” ನಮ್ಮ ಹಳೆಯ ಕೇಸಿನ ಕಾಗದಗಳನ್ನೂ ಓದಿದರು. ನಮ್ಮದು ಕಾಲ ಮೀರಿದೆ, ಈಗ ಏನೂ ಮಾಡಲಾಗದು ಎಂದರು. ಆದರೆ ಲಕ್ಷ್ಮಮ್ಮ ಸೇರುವ ಎಷ್ಟೋ ಮೊದಲೇ ಮಾಲೀಕರು ಆ ಜಾಲರಿಯನ್ನು ತೆಗೆಸಿದ್ದರು ಎಂದು ಯಾರಾದರೂ ಗಟ್ಟಿಯಾಗಿ ನಿಂತು ಹೇಳಿದರೆ ಅವಳ ಕೇಸು ನಿಲ್ಲುತ್ತದಂತೆ. “ನಾ ಹೇಳ್ತೀನ್ರಿ ಮೇಡಂ” ಎಂದರು ಇವರು. ಮೇಡಂ ಕನ್ನಡಕ ತೆಗೆದು, “ನೀವು ಆಗ ಗೊತ್ತಿಲ್ಲ ಅಂದಿದ್ದೀರಲ್ಲಪ್ಪ. ಈಗ ಗೊತ್ತು ಅಂದ್ರೆ ಅವರ ಲಾಯರು ನಿಮ್ಮನ್ನ ಸುಮ್ನೆ ಬಿಡ್ತಾರಾ? ಬಿಚ್ಚಿದೋರು ಯಾರೋ ಅವರೇ ಬಂದು ಹೇಳಬೇಕು” ಎಂದರು. ಇವರು ಬಾಗಿಲ ಕಡೆ ನೋಡಿದರು. ನಿನ್ನ ಹೆಸರನ್ನು ನಾವಿಬ್ಬರೂ ಹೇಳದೆ ಎದ್ದು ಬಂದೆವು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲಪ್ಪಾ. ಇದ್ದದ್ದು ಆ ಬಸ್ ಸ್ಟಾಪಿನಲ್ಲಿ ಇಳಿದುಹೋಯಿತು. ಮಾಲೀಕ ಎದುರಿಗೆ ನಿಂತು ಹೇಳಿದಾಗ, ಕರೆತಂದ ಮಾಮನೇ ಹ್ಞೂಂ ಎಂದಾಗ, ಹೊಸದಾಗಿ ಸೇರಿದ ಹುಡುಗ ಬೇರೆ ಏನು ಮಾಡಿಯಾನು? ನನಗಿರುವುದು ಇಷ್ಟೇ ಕೊರಗು. ನಿನ್ನನ್ನು ಉಳಿಸಲು ಇವರು ಬಾಯಿ ಮುಚ್ಚಿದರು. ನಿನಗೂ ಅದು ಗೊತ್ತಿತ್ತು, ಅದಕ್ಕೇ ನೀನು ಇವರ ಮುಖ ನೋಡಲಾರದೆ ದೂರವಾದೆ. ಕೈಯೊಂದೇ ಹೋಗಿದ್ದರೆ ಹೇಗೋ ಆಗುತ್ತಿತ್ತು, ನೀನೂ ಹೋದೆ. ನೀವಿಬ್ಬರೂ ಹಬ್ಬದ ದಿನ ಒಂದೇ ತಟ್ಟೆಯಲ್ಲಿ ಹೋಳಿಗೆ ಕಿತ್ತಾಡಿಕೊಂಡು ತಿನ್ನುತ್ತಿದ್ದವರು. ಭಾಗ್ಯಜ್ಯೋತಿಗೆ ಮಾಮ ಎಂದರೆ ಫೋನಿನೊಳಗಿನ ಒಂದು ದನಿ, ಅಷ್ಟೇ. ಇವರು ಈಗಲೂ ಸಂಜೆ ಡ್ಯೂಟಿಯಿಂದ ಬಂದರೆ ಮೊದಲು ಕೇಳುವುದು, “ಮೌನೇಶಂದು ಫೋನ್ ಬಂದಿತ್ತೇನ?” ಎಂದು. ಬಂದಿತ್ತು ಎಂದರೆ, “ಆರಾಮ ಅದಾನಂತ?” ಎಂದು ಕೇಳಿ ಕೈಕಾಲು ತೊಳೆಯಲು ಹೋಗುತ್ತಾರೆ. ತಾವಾಗಿ ಒಂದು ದಿನವೂ ರಿಸೀವರ್ ಹಿಡಿದವರಲ್ಲ.

ಅವ್ವನಿಗೆ ಇದೊಂದೂ ತಿಳಿಯದು. ದೀಪಾವಳಿಗಾದರೂ ನೀನು ಬಂದೇ ಬರುತ್ತೀ ಎಂದು ಬೀದಿಯವರಿಗೆಲ್ಲ ಹೇಳಿಟ್ಟಿದ್ದಾಳೆ. ಪ್ರತಿ ವರ್ಷವೂ ಹೇಳುತ್ತಾಳೆ.

ಅಂಜನಾಗೆ ನನ್ನ ಪ್ರೀತಿ ಹೇಳು, ಮದುವೆಯಲ್ಲಿ ಆಡದೆ ಉಳಿಸಿದ ಮಾತುಗಳನ್ನೆಲ್ಲ ಅವಳ ಜೊತೆ ಕೂತು ಆಡಬೇಕೆಂದಿದ್ದೇನೆ ಎಂದು ಹೇಳು. ಕೂಸಿನ ಕೆನ್ನೆಗೆ ಸೋದರತ್ತೆಯ ಮುತ್ತು. ಅವ್ವನ ಆಶೀರ್ವಾದ ನಿಮ್ಮ ಮೂವರ ತಲೆಯ ಮೇಲೆ ಸದಾ ಇದೆ, ನಮ್ಮೂರ ಕಡೆಯ ದೇವರು ಮೌನಪ್ಪಯ್ಯ ನಿಮ್ಮನ್ನು ಕಾಯಲಿ. ಮಳೆಯಲ್ಲಿ ನೆನೆಯಬೇಡ.

ನಿನ್ನ ಅಕ್ಕ,
ಮಧುಮತಿ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದುಕೊಂಡೇ ಇಷ್ಟು ಹೊತ್ತು ತಳ್ಳಿದೆ. ಅವ್ವ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನ ಮಾಮ ಲಕ್ಷ್ಮಮ್ಮನ ವಿಚಾರಣೆಯಲ್ಲಿ, ಮಾಲೀಕರು ಹೇಳಿದ್ದಕ್ಕೆ ಜಾಲರಿ ಬಿಚ್ಚಿದವನು ನಾನೇ ಎಂದು ಹೇಳುತ್ತಾರಂತೆ. ಮತ್ತೆ ನಿನ್ನ ಹೆಸರು ಬಿಟ್ಟು. ನಾನು ಎಷ್ಟು ಹೇಳಿದರೂ “ಅಂವಗ ಈಗ ಹೆಂಡತಿ, ಕೂಸು ಅದಾರ, ಅಂವನ ಕೆಲಸ ಕಳೀಬ್ಯಾಡ” ಎನ್ನುತ್ತಾರೆ. ಈ ಸುಳ್ಳು ನಿಲ್ಲುವುದಿಲ್ಲ ಮೌನೇಶಾ, ಇದರ ಜೊತೆ ಲಕ್ಷ್ಮಮ್ಮನ ಕೇಸೂ ಬೀಳುತ್ತದೆ. ಅದಕ್ಕೇ ಮೊನ್ನೆ ಶುಕ್ರವಾರ ಕ್ಲಿನಿಕ್ಕಿನಿಂದ ಬೇಗ ಹೊರಟು ಹೋಗಿ, ಸರ್ವಮಂಗಳಾ ಮೇಡಂಗೆ ನಿನ್ನ ಹೆಸರು, ಪುಣೆಯ ವಿಳಾಸ ಎರಡನ್ನೂ ಕೊಟ್ಟು ಬಂದೆ. ಇವರಿಗೆ ಗೊತ್ತಿಲ್ಲ. ಮಾಲೀಕರ ಮಾತಿಗೆ ಬಿಚ್ಚಿದ್ದಕ್ಕೆ ಹೆದರಬೇಕಾದವರು ಮಾಲೀಕರು, ನಿಮ್ಮ ತಮ್ಮ ಅಲ್ಲ ಎಂದರು ಮೇಡಂ. ಆದರೆ ಮಾಲೀಕರ ಭಾಮೈದನ ಫ್ಯಾಕ್ಟರಿಯ ಆ ಕೆಲಸ ಹೋಗಬಹುದು, ಅದನ್ನು ನಾನು ಮುಚ್ಚಿಡುವುದಿಲ್ಲ. ಹೋದರೆ ಅಂಜನಾಳನ್ನೂ ಕೂಸನ್ನೂ ಕರೆದುಕೊಂಡು ನೇರ ಇಲ್ಲಿಗೆ ಬಾ, ಇರುವ ಎರಡು ಕೋಣೆಯಲ್ಲೇ ಇರೋಣ. ವಿಚಾರಣೆ ಸೆಪ್ಟೆಂಬರ್ ಹದಿನಾಲ್ಕಕ್ಕೆ. ಅಷ್ಟರೊಳಗೆ ನಿನಗೆ ಸಮನ್ಸು ಬರುತ್ತದೆ. ಅದು ಬರುವ ಮೊದಲೇ ನೀನು ಹೊರಟು ಬಂದರೆ ಈ ಕಾಗದದ ಮಾತನ್ನು ನಾನು ಯಾರ ಮುಂದೆಯೂ ಎತ್ತುವುದಿಲ್ಲ. ನಿನ್ನ ಮಾಮನಿಗೂ ಅವ್ವನಿಗೂ, ಮೌನೇಶ ತಾನಾಗಿಯೇ ಬಂದ ಎಂದೇ ಹೇಳುತ್ತೇನೆ.